ಇಂದು ರಾತ್ರಿ ಪ್ಯಾರಿಸ್‌ನಲ್ಲಿ

(2025ರ ಜುಲೈ 27, ರವಿವಾರ ಬೆಳಿಗ್ಗೆ ವಿಜಯಪುರದಲ್ಲಿ ಸೈಕ್ಲಿಂಗ್ ಕಲಿಯುವ ಮಕ್ಕಳು ಮತ್ತು ಪಾಲಕರ ಎದುರು ಮಾಡಿದ ಉಪನ್ಯಾಸ)

ವೇದಿಕೆಯ ಮೇಲಿರುವ ಹಿರಿಯರಿಗೆ, ರಜೆಯ ದಿನವೂ ಬಿಡುವು ಮಾಡಿಕೊಂಡು ಬಂದಿರುವ ಪಾಲಕರಿಗೆ, ಬೆಳಗಿನ ತಾಲೀಮು ಮುಗಿಸಿ ಬೆವರೂ ಆರದೆ ಬಂದು ಹಿಂದಿನ ಸಾಲು ಹಿಡಿದಿರುವ ಹುಡುಗ ಹುಡುಗಿಯರಿಗೆ ನಮಸ್ಕಾರ.

ಸಂಘಟಕರು ನನಗೆ ಕೊಟ್ಟ ವಿಷಯ ‘ಟೂರ್ ಡಿ ಫ್ರಾನ್ಸ್‌ನ ಕೊನೆಯ ಹಂತ: ಗೆಲ್ಲುವವರು ಯಾರು?’ ಎಂಬುದು. ಇದಕ್ಕೆ ಒಂದೇ ವಾಕ್ಯದ ಉತ್ತರ ಹೇಳಿ ಕುಳಿತುಬಿಡಬಹುದು. ಫ್ರಾನ್ಸಿನಲ್ಲಿ ಮೂರು ವಾರ ನಡೆಯುವ ಈ ಸೈಕಲ್ ರೇಸನ್ನು, ಅಂದರೆ ಟೂರ್ ಅನ್ನು, ಗೆಲ್ಲುವವನು ತಡೇಯ್ ಪೊಗಾಚಾರ್. ಎರಡನೆಯ ಸ್ಥಾನದಲ್ಲಿರುವ ಯೋನಾಸ್ ವಿಂಗೆಗೋರ್‌ಗಿಂತ ಆತ 4 ನಿಮಿಷ 24 ಸೆಕೆಂಡ್ ಮುಂದಿದ್ದಾನೆ. ಮೂರನೆಯವನಾದ ಜರ್ಮನಿಯ ಫ್ಲೋರಿಯನ್ ಲಿಪೊವಿಟ್ಜ್ ಹನ್ನೊಂದು ನಿಮಿಷ ಹಿಂದಿದ್ದಾನೆ. ಇಂದು ಉಳಿದಿರುವುದು 132.3 ಕಿಲೋಮೀಟರ್. ಬಿದ್ದು ಮೂಳೆ ಮುರಿದುಕೊಳ್ಳದಿದ್ದರೆ, ರಾತ್ರಿ ಹನ್ನೊಂದರ ಹೊತ್ತಿಗೆ ಇಪ್ಪತ್ತಾರು ವಯಸ್ಸಿನ ಆ ಸ್ಲೊವೇನಿಯಾದ ಹುಡುಗ ನಾಲ್ಕನೆಯ ಸಲ ಹಳದಿ ಜೆರ್ಸಿ ತೊಟ್ಟು ಪ್ಯಾರಿಸ್‌ನ ವೇದಿಕೆ ಏರುತ್ತಾನೆ.

ಹಾಗಿದ್ದರೆ ರಾತ್ರಿ ಎಂಟರಿಂದ ಹನ್ನೊಂದರವರೆಗೆ ಪರದೆಯ ಮುಂದೆ ಏಕೆ ಕುಳಿತಿರಬೇಕು? ನಾಳೆ ಬೆಳಿಗ್ಗೆ ಐದಕ್ಕೆ ನಿಮಗೆಲ್ಲ ತಾಲೀಮು ಇದೆ. ಪಾಲಕರೊಬ್ಬರು ಈಗತಾನೇ ಬಾಗಿಲ ಬಳಿ ನನ್ನನ್ನು ಇದೇ ಮಾತು ಕೇಳಿದರು. ಫಲಿತಾಂಶ ಗೊತ್ತಿರುವ ರೇಸಿನಲ್ಲಿ ನೋಡುವುದೇನಿದೆ ಎಂದು. ಬಹಳ ಇದೆ ಎನ್ನುವುದು ನನ್ನ ವಾದ. ನನ್ನ ಲೆಕ್ಕದಲ್ಲಿ ಕೊನೆಯ ಹಂತ ಟೂರ್ ಗೆದ್ದವನಿಗೆ ಸೇರಿದ್ದಲ್ಲ. ಅದು ಟೂರ್ ಗೆಲ್ಲಲಾಗದ, ಆದರೆ ಮುಗಿಸಿದ ಉಳಿದೆಲ್ಲರಿಗೆ ಸೇರಿದ್ದು. ಜುಲೈ 5ರಂದು ಲಿಲ್ ನಗರದಿಂದ ಹೊರಟವರು 184 ಮಂದಿ. ಇಂದು ಪ್ಯಾರಿಸ್ ಹೊರವಲಯದಾಚೆಯ ಮಾಂತ್-ಲಾ-ವಿಲ್ ಎಂಬಲ್ಲಿಂದ ಹೊರಡುವವರು ನೂರ ಅರವತ್ತರ ಆಸುಪಾಸು. ನಾನು ಮಾತಾಡಬೇಕೆಂದಿರುವುದು ಅವರ ಬಗ್ಗೆ.

ಮೊದಲು ಪಾಲಕರಿಗಾಗಿ ಎರಡು ಮಾತು. ಮಕ್ಕಳಿಗೆ ಇದೆಲ್ಲ ಗೊತ್ತು. ಟೂರ್ ಎಂದರೆ ಇಪ್ಪತ್ತೊಂದು ಹಂತ, ನಡುವೆ ಎರಡು ದಿನ ವಿಶ್ರಾಂತಿ. ಪ್ರತಿ ಹಂತದಲ್ಲಿ ಸವಾರ ತೆಗೆದುಕೊಂಡ ಸಮಯವನ್ನು ಕೂಡಿಸುತ್ತಾ ಹೋಗುತ್ತಾರೆ. ಒಟ್ಟು ಸಮಯ ಯಾರದು ಕಡಿಮೆಯೋ ಅವನಿಗೆ ಹಳದಿ ಜೆರ್ಸಿ. ಸ್ಪ್ರಿಂಟ್, ಅಂದರೆ ಗೆರೆಯ ಹತ್ತಿರದ ಜೋರು ಓಟದ ಅಂಕಗಳಿಗೆ ಹಸಿರು, ಬೆಟ್ಟ ಹತ್ತುವುದರಲ್ಲಿ ಮುಂದಿರುವವನಿಗೆ ಬಿಳಿಯ ಮೇಲೆ ಕೆಂಪು ಚುಕ್ಕೆ, ಎಳೆಯರಲ್ಲಿ ಮುಂದಿರುವವನಿಗೆ ಬಿಳಿ. ಒಂದು ಗುಂಪು ಒಟ್ಟಾಗಿ ಗೆರೆ ದಾಟಿದರೆ ಆ ಗುಂಪಿನಲ್ಲಿರುವ ಎಲ್ಲರಿಗೂ ಒಂದೇ ಸಮಯ. ಈ ಕೊನೆಯ ನಿಯಮವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾಲ್ಕು ನಿಮಿಷ ಎಂದರೆ ನಮಗೆ ಒಂದು ಕಪ್ ಚಹಾ ಕುಡಿಯುವ ಹೊತ್ತು. ಮೂರು ಗಂಟೆಯ ರೇಸಿನಲ್ಲಿ ಅಷ್ಟನ್ನು ಹಿಂದಕ್ಕೆ ಪಡೆಯಲಾಗದೆ ಎಂದು ಕೇಳಬಹುದು. ಸಮತಟ್ಟಾದ ರಸ್ತೆಯಲ್ಲಿ ಆಗುವುದಿಲ್ಲ. ಏಕೆ ಎನ್ನುವುದಕ್ಕೆ ಫ್ರಾನ್ಸಿಗೆ ಹೋಗಬೇಕಾಗಿಲ್ಲ, ನಮ್ಮ ಸೋಲಾಪುರ ರಸ್ತೆಯೇ ಸಾಕು. ಆಷಾಢ ಕಳೆದು ಮೂರು ದಿನವಾಯಿತು, ಗಾಳಿ ಇನ್ನೂ ಇಳಿದಿಲ್ಲ. ರಸ್ತೆ ಉತ್ತರಕ್ಕೆ ಹೋಗುತ್ತದೆ, ಗಾಳಿ ಪಡುವಣದಿಂದ ಬೀಸುತ್ತದೆ. ಎರಡೂ ಬದಿ ಬಯಲು ಎರೆಭೂಮಿ. ತಡೆಯುವ ಗುಡ್ಡವಿಲ್ಲ, ತೋಪಿಲ್ಲ. ಎಡಗಡೆಯಿಂದ ಬರುವ ಈ ಅಡ್ಡಗಾಳಿಯಲ್ಲಿ ಮುಂದಿನವನ ನೇರ ಹಿಂದೆ ನಿಂತರೆ ಆಸರೆ ಸಿಗುವುದಿಲ್ಲ. ಅವನ ಹಿಂಚಕ್ರಕ್ಕೆ ನಿಮ್ಮ ಮುಂಚಕ್ರ ಸ್ವಲ್ಪ ಬಲಕ್ಕೆ ಸರಿದಿರಬೇಕು. ನಿಮ್ಮ ಹಿಂದಿನವನು ನಿಮಗಿಂತ ಬಲಕ್ಕೆ. ಹೀಗೆ ಸಾಲು ರಸ್ತೆಗೆ ಓರೆಯಾಗುತ್ತಾ ಹೋಗಿ ಬಲ ಅಂಚು ಮುಟ್ಟುತ್ತದೆ. ಅಲ್ಲಿಗೆ ಆಸರೆಯ ಜಾಗ ಮುಗಿಯಿತು. ಆಮೇಲಿನವನು ಅಂಚಿನ ಬಿಳಿ ಗೆರೆಯ ಮೇಲೆ ಒಬ್ಬನೇ ಗಾಳಿಗೆ ಎದೆ ಕೊಡಬೇಕು. ಗುಂಪು ತುಂಡಾಗುವುದು ಅಲ್ಲೇ. ವಾಹನಗಳು ಓಡಾಡುವ ಹೆದ್ದಾರಿಯಲ್ಲಿ ನೀವು ಇದನ್ನು ಅಭ್ಯಾಸ ಮಾಡಬೇಡಿ, ರಸ್ತೆ ಮುಚ್ಚಿದ ರೇಸಿನಲ್ಲಿ ಮಾತ್ರ ಇದು ಸರಿ. ಆದರೆ ಗಾಳಿಯ ಆ ಏಟನ್ನು ನಿಮ್ಮಲ್ಲಿ ಪ್ರತಿಯೊಬ್ಬರೂ ತಿಂದಿದ್ದೀರಿ.

ಮುಂದಿನವನ ಮರೆಯಲ್ಲಿ ಹೋಗುವವನಿಗೆ ಸುಮಾರು ಮೂರನೇ ಒಂದು ಭಾಗದಷ್ಟು ಶ್ರಮ ಉಳಿಯುತ್ತದೆ, ದೊಡ್ಡ ಗುಂಪಿನ ನಡುವೆ ಇನ್ನೂ ಹೆಚ್ಚು. ವಿಂಗೆಗೋರ್ ಒಬ್ಬನೇ ಮುಂದೆ ಓಡಿದರೆ ಹಿಂದೆ ನೂರು ಮಂದಿ ಸರದಿಯಲ್ಲಿ ಗಾಳಿ ಒಡೆದು ಅವನನ್ನು ಹಿಡಿಯುತ್ತಾರೆ. ಒಟ್ಟಾಗಿ ಗೆರೆ ದಾಟಿದರೆ, ಆಗಲೇ ಹೇಳಿದ ನಿಯಮದಂತೆ, ಎಲ್ಲರಿಗೂ ಒಂದೇ ಸಮಯ. ಆಲ್ಪ್ಸ್ ಪರ್ವತದಲ್ಲಿ ವೇಗ ಕಡಿಮೆ, ಅಲ್ಲಿ ಮರೆಗೆ ಬೆಲೆಯಿಲ್ಲ, ಕಾಲಿಗೆ ಬೆಲೆ. ಪ್ಯಾರಿಸ್‌ನಲ್ಲಿ ಮರೆಗೇ ಬೆಲೆ. ಆದ್ದರಿಂದ ಕೊನೆಯ ದಿನ ಹಳದಿ ಜೆರ್ಸಿಯ ಮೇಲೆ ದಾಳಿ ಮಾಡುವುದಿಲ್ಲ ಎಂಬ ರೂಢಿ ಬೆಳೆದುಬಂತು. ಇದನ್ನು ದೊಡ್ಡ ಸೌಜನ್ಯ ಎಂದು ವರ್ಣಿಸುವವರಿದ್ದಾರೆ. ಸೌಜನ್ಯಕ್ಕಿಂತ ಇದರಲ್ಲಿ ಲೆಕ್ಕಾಚಾರವೇ ಹೆಚ್ಚು ಎಂದು ನನ್ನ ಅನುಮಾನ. ಗೆಲ್ಲಲು ಸಾಧ್ಯವಿಲ್ಲದ ಜಗಳವನ್ನು ಬಿಟ್ಟುಕೊಡುವುದು ಸುಲಭ.

ಹೀಗಾಗಿ ಮೊದಲ ಒಂದು ಗಂಟೆ ನಿಮಗೆ ಕಾಣುವುದು ಮೆರವಣಿಗೆ. ಹಳದಿ ಜೆರ್ಸಿಯವನು ಹಳದಿ ಸೈಕಲ್ ಏರಿರುತ್ತಾನೆ. ತಂಡದ ಕಾರಿನಿಂದ ಶಾಂಪೇನ್ ಗ್ಲಾಸುಗಳು ಬರುತ್ತವೆ, ಛಾಯಾಗ್ರಾಹಕರ ಮೋಟಾರ್ ಸೈಕಲ್‌ಗಳು ಸುತ್ತುವರಿಯುತ್ತವೆ. ಒಂದೇ ತಂಡದವರು ಹೆಗಲ ಮೇಲೆ ಕೈ ಹಾಕಿಕೊಂಡು ರಸ್ತೆಯಗಲಕ್ಕೆ ಹರಡಿಕೊಳ್ಳುತ್ತಾರೆ. ಮೂರು ವಾರ ನೀರಿನ ಬಾಟಲಿ ಹೊತ್ತವನು, ನಾಯಕನ ಚಕ್ರ ಪಂಕ್ಚರ್ ಆದಾಗ ತನ್ನ ಚಕ್ರ ಬಿಚ್ಚಿ ಕೊಡಲು ಸಿದ್ಧನಿದ್ದವನು, ಬೆಟ್ಟದ ಬುಡದವರೆಗೆ ಗಾಳಿ ಒಡೆದು ಅಲ್ಲಿಂದ ಹಿಂದೆ ಉಳಿದುಹೋದವನು, ಇವರೆಲ್ಲ ಕ್ಯಾಮೆರಾಕ್ಕೆ ಮುಖ ತೋರಿಸುವುದು ಆ ಒಂದು ಗಂಟೆಯಲ್ಲಿ ಮಾತ್ರ. ಟೂರ್ ಗೆದ್ದವನಿಗೆ ಸಿಗುವ ಐದು ಲಕ್ಷ ಯೂರೊ ಬಹುಮಾನವನ್ನು ಆತ ತಂಡದವರೊಂದಿಗೆ ಹಂಚಿಕೊಳ್ಳುವ ಪದ್ಧತಿಯೂ ಇದೆ. ‘ಬರೀ ಮೆರವಣಿಗೆ’ ಎಂದು ಮೂಗು ಮುರಿಯುವವರ ಜೊತೆ ನನಗೆ ಜಗಳವಿರುವುದು ಇಲ್ಲಿ. ಆ ಹೊತ್ತನ್ನು ಹಾರಿಸದೆ ನೋಡಿ. ನಿಮ್ಮಲ್ಲಿ ಮುಂದೆ ರೈಲ್ವೆ ತಂಡಕ್ಕೋ ಸೇನೆಯ ತಂಡಕ್ಕೋ ಸೇರುವವರಲ್ಲಿ ಹೆಚ್ಚಿನವರು ಮಾಡಬೇಕಾದ ಕೆಲಸ ಆ ನೀರು ಹೊರುವವರದೇ.

ಈ ಹಂತ ಪ್ಯಾರಿಸ್‌ನ ಶಾಂಜ್ ಎಲಿಜೆ ರಸ್ತೆಗೆ ಬಂದು ಈ ವರ್ಷಕ್ಕೆ ಸರಿಯಾಗಿ ಐವತ್ತು ವರ್ಷ. ಅದಕ್ಕೂ ಮುನ್ನ, 1904ರಿಂದ 1967ರವರೆಗೆ ಪಾರ್ಕ್ ದೆ ಪ್ರಾನ್ಸ್ ವೆಲೊಡ್ರೋಮ್‌ನಲ್ಲಿ, ಅಂದರೆ ಸೈಕಲ್ ರೇಸಿನ ಅಂಗಣದಲ್ಲಿ, ಆಮೇಲೆ ಕೆಲವು ವರ್ಷ ಪ್ಯಾರಿಸ್‌ನ ಇನ್ನೊಂದು ವೆಲೊಡ್ರೋಮ್‌ನಲ್ಲಿ ಟೂರ್ ಮುಗಿಯುತ್ತಿತ್ತು. 1975ರಲ್ಲಿ ಮೊದಲ ಸಲ ಶಾಂಜ್ ಎಲಿಜೆಯಲ್ಲಿ ಮುಗಿದಾಗ ಫ್ರಾನ್ಸಿನ ಬರ್ನಾರ್ ತೆವೆನೆಗೆ ಅಧ್ಯಕ್ಷ ಜಿಸ್ಕಾರ್ ದೆಸ್ತಾಂ ಸ್ವತಃ ಹಳದಿ ಜೆರ್ಸಿ ತೊಡಿಸಿದರು. ಅಲ್ಲಿಯವರೆಗೆ ತಾನು ಹೊರಟ ಟೂರ್‌ಗಳನ್ನೆಲ್ಲ ಗೆದ್ದಿದ್ದ ಎಡ್ಡಿ ಮರ್ಕ್ಸ್ ಅಂದು ಎರಡನೆಯವನು. ಅಂದಿನಿಂದ ಒಂದೇ ಒಂದು ಸಲ ಟೂರ್ ಪ್ಯಾರಿಸ್ ಬಿಟ್ಟಿತು. ಅದು ಕಳೆದ ವರ್ಷ, ಒಲಿಂಪಿಕ್ಸ್ ತಯಾರಿಯ ಕಾರಣ ನೀಸ್ ನಗರದಲ್ಲಿ ಮುಗಿದಾಗ.

ರೂಢಿ ಮುರಿದ ದಿನಗಳೂ ಇವೆ. 1947ರಲ್ಲಿ ಜಾನ್ ರೊಬಿಕ್ ಎಂಬ ಗಿಡ್ಡ ಆಳು ಕೊನೆಯ ಹಂತಕ್ಕೆ ಹೊರಟಾಗ ಹಳದಿ ಜೆರ್ಸಿ ಇಟಲಿಯ ಪಿಯರ್ ಬ್ರಾಂಬಿಲ್ಲಾನ ಮೈಮೇಲಿತ್ತು. ರೂಆಂ ಊರಿನ ಹೊರಗಿನ ಒಂದು ಏರಿನಲ್ಲಿ ರೊಬಿಕ್ ದಾಳಿ ಮಾಡಿದ. ಒಂದು ದಿನವೂ ಹಳದಿ ತೊಟ್ಟು ಸವಾರಿ ಮಾಡದೆ ಟೂರ್ ಗೆದ್ದ. ಸೋತ ಬ್ರಾಂಬಿಲ್ಲಾ ತನ್ನ ಸೈಕಲ್ಲನ್ನು ಹಿತ್ತಲಲ್ಲಿ ಹೂತುಹಾಕಿದ ಎಂದು ಕಥೆ ಹೇಳುತ್ತಾರೆ. ನಿಜವೋ ಸುಳ್ಳೋ, ಅದರ ಹಿಂದಿನ ಸಂಕಟ ನಿಜ. 1968ರಲ್ಲಿ ಯಾನ್ ಯಾನ್ಸೆನ್ ಕೊನೆಯ ದಿನದ ಟೈಮ್ ಟ್ರಯಲ್‌ನಲ್ಲಿ 38 ಸೆಕೆಂಡ್ ಅಂತರದಿಂದ ಗೆದ್ದ. 1979ರಲ್ಲಿ ಮೊದಲ ಇಬ್ಬರು, ಬರ್ನಾರ್ ಇನೊ ಮತ್ತು ಯೂಪ್ ಜೂಟೆಮೆಲ್ಕ್, ಗುಂಪನ್ನು ಬಿಟ್ಟು ತಾವಿಬ್ಬರೇ ಶಾಂಜ್ ಎಲಿಜೆಗೆ ನುಗ್ಗಿದರು. ಹಳದಿ ತೊಟ್ಟ ಇನೊ ಅಲ್ಲೂ ಮೊದಲು ಗೆರೆ ದಾಟಿದ.

ಆದರೆ ನಿಲ್ಲಿಸಿ ಹೇಳಬೇಕಾದ ದಿನ 1989ರ ಜುಲೈ 23. ಆ ವರ್ಷ ಸಂಘಟಕರು ಮೆರವಣಿಗೆ ಬೇಡವೆಂದು ವರ್ಸೈ ಅರಮನೆಯ ಊರಿನಿಂದ ಪ್ಯಾರಿಸ್‌ವರೆಗೆ 24.5 ಕಿಲೋಮೀಟರ್ ಟೈಮ್ ಟ್ರಯಲ್ ಇಟ್ಟರು. ಟೈಮ್ ಟ್ರಯಲ್‌ನಲ್ಲಿ ಒಬ್ಬೊಬ್ಬರೇ ಹೊರಡುತ್ತಾರೆ, ಯಾರ ಮರೆಯೂ ಇಲ್ಲ. ಹಳದಿ ಜೆರ್ಸಿ ಪ್ಯಾರಿಸ್‌ನವನೇ ಆದ ಲೊರಾಂ ಫಿನ್ಯೋಂ ಬಳಿ. 1983 ಮತ್ತು 84ರಲ್ಲಿ ಟೂರ್ ಗೆದ್ದವನು. ಐವತ್ತು ಸೆಕೆಂಡ್ ಹಿಂದೆ ಅಮೆರಿಕದ ಗ್ರೆಗ್ ಲೆಮಾಂಡ್. ಎರಡು ವರ್ಷಗಳ ಹಿಂದೆ ಬೇಟೆಗೆ ಹೋದಾಗ ಜೊತೆಗಿದ್ದ ಬಂಧುವಿನ ಬಂದೂಕಿನ ಗುಂಡು ತಗುಲಿ ಸಾವಿನ ಬಾಗಿಲಿಗೆ ಹೋಗಿ ಬಂದವನು ಈ ಲೆಮಾಂಡ್. ಸೀಸದ ಚೂರುಗಳು ಇನ್ನೂ ದೇಹದೊಳಗೇ ಇದ್ದವು.

ಮಕ್ಕಳೇ, ಲೆಕ್ಕ ಹಾಕಿ. 24.5 ಕಿಲೋಮೀಟರಿಗೆ ಐವತ್ತು ಸೆಕೆಂಡ್. ಪ್ರತಿ ಕಿಲೋಮೀಟರಿಗೆ ಎರಡು ಸೆಕೆಂಡಿನಷ್ಟು ಗಳಿಸಬೇಕು, ಅದೂ ಎರಡು ಸಲ ಟೂರ್ ಗೆದ್ದವನ ಮೇಲೆ. ಸಾಧ್ಯವಿಲ್ಲವೆಂದು ಬಹುತೇಕ ಎಲ್ಲರೂ ಅಂದುಕೊಂಡಿದ್ದರು. ಲೆಮಾಂಡ್ ಟ್ರಯಥ್ಲಾನ್‌ನವರು ಬಳಸುತ್ತಿದ್ದ, ಮುಂದಕ್ಕೆ ಚಾಚಿದ ಹ್ಯಾಂಡಲ್ ಹಾಕಿಸಿದ್ದ. ಮೊಣಕೈಗಳು ಒಳಕ್ಕೆ, ಎರಡು ಅಂಗೈ ಮುಂದೆ ಜೋಡಿಸಿ, ಬೆನ್ನು ಚಪ್ಪಟೆ. ತಲೆಗೆ ಹಿಂದಕ್ಕೆ ಚೂಪಾದ ಹೆಲ್ಮೆಟ್. ದಾರಿಯಲ್ಲಿ ತನಗೆ ಸಮಯ ಹೇಳಬೇಡಿ ಎಂದು ತಂಡದ ಕಾರಿಗೆ ಮೊದಲೇ ತಾಕೀತು ಮಾಡಿದ್ದ. ಫಿನ್ಯೋಂ ಮಾಮೂಲಿ ಹ್ಯಾಂಡಲ್ ಹಿಡಿದು ಹೊರಟ. ತಲೆಗೆ ಏನೂ ಇಲ್ಲ, ಹಿಂದೆ ಕಟ್ಟಿದ ಜುಟ್ಟು ಗಾಳಿಗೆ ಹಾರಾಡುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಹೊರಗೆ ಕಾಣದ್ದು. ಸೀಟು ಉಜ್ಜಿ ತೊಡೆಸಂದಿಯಲ್ಲಿ ಹುಣ್ಣಾಗಿತ್ತು, ಕುಳಿತರೆ ಉರಿ. ನಿಮ್ಮಲ್ಲಿ ಎಷ್ಟು ಮಂದಿಗೆ ಆ ಹುಣ್ಣು ಗೊತ್ತು ಎಂದು ಕೈ ಎತ್ತಲು ಹೇಳುವುದಿಲ್ಲ, ಪಾಲಕರು ಇದ್ದಾರೆ.

ಲೆಮಾಂಡ್ 26 ನಿಮಿಷ 57 ಸೆಕೆಂಡಿನಲ್ಲಿ ಮುಗಿಸಿದ. ಗಂಟೆಗೆ 54.545 ಕಿಲೋಮೀಟರ್. ಮುಗಿಸಿ ನಿಂತು, ಗಡಿಯಾರ ನೋಡುತ್ತಾ ಫಿನ್ಯೋಂಗಾಗಿ ಕಾದ. ಫಿನ್ಯೋಂ ಕೆಟ್ಟದಾಗಿ ಓಡಿಸಲಿಲ್ಲ. ಆ ದಿನ ಆತ ಮೂರನೆಯವನು. ಆದರೂ 58 ಸೆಕೆಂಡ್ ಕಳೆದುಕೊಂಡ. ಐವತ್ತು ಕಳೆದರೆ ಎಂಟು. 3285 ಕಿಲೋಮೀಟರ್ ಓಡಿ, ಎಂಟು ಸೆಕೆಂಡಿನಿಂದ ಸೋಲು. ಲೆಮಾಂಡ್‌ನ ಅಂದಿನ ವೇಗದಲ್ಲಿ ಅದು ನೂರ ಇಪ್ಪತ್ತು ಮೀಟರ್ ದೂರ. ಗೆರೆ ದಾಟಿದ ಫಿನ್ಯೋಂ ರಸ್ತೆಯ ಮೇಲೆಯೇ ಕುಸಿದ. ಪುರುಷರ ಟೂರ್‌ನಲ್ಲಿ ಅದಕ್ಕಿಂತ ಕಡಿಮೆ ಅಂತರ ಇಂದಿಗೂ ಬಂದಿಲ್ಲ. ಅದಾದ ಮೇಲೆ ಮತ್ತೆಂದೂ ಟೂರ್ ಪ್ಯಾರಿಸ್‌ನಲ್ಲಿ ಟೈಮ್ ಟ್ರಯಲ್‌ನಿಂದ ಮುಗಿದಿಲ್ಲ.

ಇಟಲಿಯವರು ಮಾತ್ರ ಕೊನೆಯ ದಿನದ ಟೈಮ್ ಟ್ರಯಲ್ ಅನ್ನು ಆಗಾಗ ಇಡುತ್ತಲೇ ಬಂದರು. 2020ರ ಜಿರೊ ಡಿ ಇಟಾಲಿಯಾದಲ್ಲಿ ಇಪ್ಪತ್ತು ಹಂತ ಮುಗಿದಾಗ ಬ್ರಿಟನ್ನಿನ ಟಾವೊ ಗೇಗನ್ ಹಾರ್ಟ್ ಮತ್ತು ಆಸ್ಟ್ರೇಲಿಯಾದ ಜೈ ಹಿಂಡ್ಲೆ ಇಬ್ಬರ ಒಟ್ಟು ಸಮಯ ಸೆಕೆಂಡಿಗೆ ಸೆಕೆಂಡ್ ಸಮ. ಮಿಲಾನ್‌ನ ಕೊನೆಯ 15.7 ಕಿಲೋಮೀಟರಿನಲ್ಲಿ ಹಾರ್ಟ್ 39 ಸೆಕೆಂಡಿನಿಂದ ಗೆದ್ದ. ಅಂಥದ್ದು ಪ್ರತಿವರ್ಷ ಸಿಗುವುದಿಲ್ಲ. ಸಿಗಬೇಕೆಂದು ಹಟ ಹಿಡಿಯುವುದೂ ಸರಿಯಲ್ಲ.

ಇನ್ನು ಸ್ಪ್ರಿಂಟರ್‌ಗಳ ವಿಷಯ. ಇಷ್ಟು ವರ್ಷ ಶಾಂಜ್ ಎಲಿಜೆ ಅವರ ದಿನ. ಮಾರ್ಕ್ ಕ್ಯಾವೆಂಡಿಶ್ 2009ರಿಂದ 2012ರವರೆಗೆ ಸತತ ನಾಲ್ಕು ಸಲ ಅಲ್ಲಿ ಗೆದ್ದ. 2012ರಲ್ಲಿ ಅವನನ್ನು ಕೊನೆಯ ತಿರುವಿನತ್ತ ಎಳೆದು ತಂದವರಲ್ಲಿ ಹಳದಿ ಜೆರ್ಸಿ ತೊಟ್ಟ ಬ್ರಾಡ್ಲಿ ವಿಗಿನ್ಸ್ ಕೂಡ ಇದ್ದ. ಟೂರ್ ಗೆದ್ದವನು ತನ್ನ ಸ್ಪ್ರಿಂಟರ್‌ಗಾಗಿ ಗಾಳಿಗೆ ಎದೆ ಕೊಟ್ಟ ಆ ದೃಶ್ಯ ಸಿಕ್ಕರೆ ಮೊಬೈಲ್‌ನಲ್ಲಿ ಹುಡುಕಿ ನೋಡಿ.

ಸ್ಪ್ರಿಂಟರ್ ಪ್ಯಾರಿಸ್‌ಗೆ ಬರುವ ದಾರಿ ಹೇಗಿರುತ್ತದೆ ಗೊತ್ತೇ? ಹಸಿರು ಜೆರ್ಸಿ ತೊಟ್ಟಿರುವ ಇಟಲಿಯ ಜೊನಾಥನ್ ಮಿಲಾನ್‌ನನ್ನು ನೋಡಿ. ಆರಡಿ ದಾಟಿದ, ತೂಕದ ಆಳು. ಎಂಟನೆಯ ಮತ್ತು ಹದಿನೇಳನೆಯ ಹಂತ ಗೆದ್ದಿದ್ದಾನೆ. ಹದಿನೇಳರ ಮರುದಿನವೇ ಕೋಲ್ ದೆ ಲಾ ಲೋಜ್. 2304 ಮೀಟರ್ ಎತ್ತರದ ಕಣಿವೆದಾರಿ, ದಿನವಿಡೀ ಸೇರಿದರೆ ಐದು ಸಾವಿರ ಮೀಟರಿಗೂ ಹೆಚ್ಚಿನ ಏರು. ಬೆಟ್ಟದಲ್ಲಿ ಅಂಥವನು ಗೆಲ್ಲಬೇಕಾಗಿಲ್ಲ, ಆದರೆ ಸಮಯದ ಮಿತಿಯೊಳಗೆ ಬರಬೇಕು. ಹಂತದ ಕಷ್ಟ ನೋಡಿ, ಗೆದ್ದವನ ಸಮಯದ ಮೇಲೆ ಇಂತಿಷ್ಟು ಶೇಕಡಾ ಎಂದು ಮಿತಿ ಹಾಕುತ್ತಾರೆ. ಅದನ್ನು ಮೀರಿದರೆ ಜೆರ್ಸಿ ಯಾವ ಬಣ್ಣದ್ದಾದರೂ ಮನೆಗೆ. ಆದ್ದರಿಂದ ಭಾರದ ಆಳುಗಳೆಲ್ಲ ಹಿಂದೆ ಒಂದು ಗುಂಪು ಕಟ್ಟಿಕೊಂಡು, ವೈರಿ ತಂಡದವರೂ ಒಬ್ಬರಿಗೊಬ್ಬರು ಒತ್ತಾಸೆಯಾಗಿ, ಗಡಿಯಾರ ನೋಡುತ್ತಾ ಹತ್ತುತ್ತಾರೆ. ಇಳಿಜಾರಿನಲ್ಲಿ ಜೀವ ಕೈಯಲ್ಲಿ ಹಿಡಿದು ಇಳಿಯುತ್ತಾರೆ. ಇದೆಲ್ಲ ಯಾತಕ್ಕೆ? ಇಂದಿನ ದಿನಕ್ಕೆ.

ಒಂದು ಸಣ್ಣ ಸುದ್ದಿ, ರೈತ ಮನೆಯವರಿಗಾಗಿ. ಮೊನ್ನೆ ಶುಕ್ರವಾರದ ಹತ್ತೊಂಬತ್ತನೆಯ ಹಂತವನ್ನು ಸುಮಾರು 35 ಕಿಲೋಮೀಟರ್ ಮೊಟಕು ಮಾಡಿದರು. ಕಾರಣ ಹಿಮವಲ್ಲ, ಮುಷ್ಕರವಲ್ಲ. ದಾರಿಯ ಒಂದು ಬೆಟ್ಟದಲ್ಲಿ ದನಗಳಿಗೆ ಚರ್ಮಗಂಟು ರೋಗ ಬಂದಿತ್ತು. 2022ರಲ್ಲಿ ನಮ್ಮ ಕಡೆ ಎತ್ತು ಆಕಳು ಕಳೆದುಕೊಂಡವರಿಗೆ ಆ ರೋಗ ಏನೆಂದು ಹೇಳಬೇಕಾಗಿಲ್ಲ. ಅಲ್ಲಿ ರೋಗ ಕಂಡ ದನಗಳನ್ನು ಕೊಲ್ಲಿಸಬೇಕಾಗಿ ಬಂತು. ದನ ಕಳೆದುಕೊಂಡ ರೈತರ ದುಃಖ ನೋಡಿ, ಆ ಬೆಟ್ಟವನ್ನು ಬಿಟ್ಟು ಹೋಗಲು ಸಂಘಟಕರು ನಿರ್ಧರಿಸಿದರು. ಟೂರ್‌ನ ಹಿರಿಮೆಯ ಬಗ್ಗೆ ಮಾತಾಡುವಾಗ ನಾನು ಇದನ್ನೂ ಲೆಕ್ಕಕ್ಕೆ ಹಿಡಿಯುತ್ತೇನೆ.

ಈಗ ಇಂದಿನ ರಾತ್ರಿಯ ಹೊಸ ತಕರಾರಿಗೆ ಬರೋಣ. ಈ ವರ್ಷ ಶಾಂಜ್ ಎಲಿಜೆಯ ಸುತ್ತುಗಳ ಜೊತೆಗೆ ಮೊಂಮಾರ್ತ್ ದಿಬ್ಬವನ್ನು ಮೂರು ಸಲ ಹತ್ತಿಸುತ್ತಿದ್ದಾರೆ. ಕಳೆದ ವರ್ಷದ ಒಲಿಂಪಿಕ್ಸ್ ರಸ್ತೆ ರೇಸಿನಲ್ಲಿ ಆ ಇಕ್ಕಟ್ಟಾದ ಲೆಪಿಕ್ ಬೀದಿಯ ಎರಡೂ ಬದಿ ಜನ ಕಿಕ್ಕಿರಿದು ತುಂಬಿದ್ದನ್ನು ಟೂರ್‌ನವರು ನೋಡಿದ್ದರು. ಆ ಜನಸಂದಣಿ ತಮಗೂ ಬೇಕೆನಿಸಿತು. ದಿಬ್ಬ ಉದ್ದದಲ್ಲಿ 1.1 ಕಿಲೋಮೀಟರ್, ಸರಾಸರಿ ಶೇ 5.9ರ ಏರು. ನಮ್ಮ ಗೋಳಗುಮ್ಮಟದ ಎತ್ತರ ಐವತ್ತೊಂದು ಮೀಟರ್; ಅದರ ನೆತ್ತಿಗಿಂತ ಹದಿನಾಲ್ಕು ಮೀಟರ್ ಮೇಲಕ್ಕೆ ಸೈಕಲ್ ತುಳಿದಂತೆ, ಮೂರು ಬಾರಿ. ಕಲ್ಲು ಹಾಸಿನ ಬೀದಿ, ಕಡಿದಾದ ತಿರುವುಗಳು. ಕೊನೆಯ ಸಲ ತುದಿ ಮುಟ್ಟಿದಾಗ ಗುರಿಗೆ ಉಳಿಯುವುದು 6.1 ಕಿಲೋಮೀಟರ್ ಮಾತ್ರ.

ಲಿಲ್ ಬಿಟ್ಟ ಮೇಲೆ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ತುಳಿದ ಕಾಲುಗಳಿಗೆ ಅದು ಸಣ್ಣ ದಿಬ್ಬವಲ್ಲ. ಮಿಲಾನ್‌ನಂಥವರು ಎರಡನೆಯ ಸುತ್ತಿನಲ್ಲೇ ಕಳಚಿಕೊಳ್ಳುತ್ತಾರೆ ಎಂದು ನನ್ನ ಊಹೆ. ಹಿಂದೆ ಬಿದ್ದವರಿಗೆ ಮತ್ತೆ ಸೇರಿಕೊಳ್ಳಲು 6.1 ಕಿಲೋಮೀಟರ್ ಸಾಲದು, ಏಕೆಂದರೆ ಆಗ ಮುಂದೆ ಇರುವವರು ಐದಾರು ಮಂದಿ, ಅವರೆಲ್ಲ ಗಟ್ಟಿಗರು, ಎಲ್ಲರೂ ಸರದಿ ಹಾಕುತ್ತಾರೆ. ಇದು ಏರಿನಲ್ಲೂ ಸ್ಪ್ರಿಂಟ್‌ನಲ್ಲೂ ಬಲವಿರುವವನ ಹಂತ. ಬೆಲ್ಜಿಯಮ್‌ನ ವೌಟ್ ವಾನ್ ಆರ್ಟ್ 2021ರಲ್ಲಿ ಇದೇ ಶಾಂಜ್ ಎಲಿಜೆಯಲ್ಲಿ ಗೆದ್ದಿದ್ದಾನೆ, ಅದೇ ಟೂರ್‌ನಲ್ಲಿ ಮೊಂ ವಾಂತು ಹತ್ತುವ ಹಂತವನ್ನೂ ಗೆದ್ದಿದ್ದ. ಈ ಸಲ ಇನ್ನೂ ಒಂದು ಹಂತವೂ ಅವನ ಕೈಗೆ ಸಿಕ್ಕಿಲ್ಲ. ಹಸಿದವನು. ನಾನು ಹೆಸರು ಹೇಳಲೇಬೇಕೆಂದರೆ ಅವನದು ಹೇಳುತ್ತೇನೆ. ತಪ್ಪಿದರೆ ನಾಳೆ ನನಗೆ ಫೋನ್ ಮಾಡಬೇಡಿ.

ಹಳದಿ ಜೆರ್ಸಿ ಏನು ಮಾಡುತ್ತದೆ? ಪೊಗಾಚಾರ್ ಈ ಟೂರ್‌ನಲ್ಲಿ ನಾಲ್ಕು ಹಂತ ಗೆದ್ದಿದ್ದಾನೆ, ಕೊನೆಯ ವಾರ ದಣಿದಂತೆ ಕಾಣುತ್ತಿದ್ದಾನೆ. ಆದರೆ ಮುಂದೆ ದಿಬ್ಬ ಕಂಡರೆ ಸುಮ್ಮನಿರುವ ಗುಣ ಅವನದಲ್ಲ. ದಾಳಿ ಮಾಡಿದರೂ ಆಶ್ಚರ್ಯವಿಲ್ಲ. ಮಾಡದಿದ್ದರೆ ನನಗೆ ಸಂತೋಷ. ಇಡೀ ಮನೆ ತನ್ನದಾದ ಮೇಲೆ ಅಂಗಳವನ್ನಾದರೂ ಬೇರೆಯವರಿಗೆ ಬಿಡಬೇಕು. ನಮ್ಮ ಹುಡುಗರು ಇದನ್ನು ಒಪ್ಪುವುದಿಲ್ಲ ಎಂದು ಗೊತ್ತು. ಈ ಬೆಳಿಗ್ಗೆಯೇ ಒಬ್ಬ ನನ್ನ ಜೊತೆ ವಾದ ಮಾಡಿದ್ದಾನೆ. ಗೆಲ್ಲುವ ಅವಕಾಶ ಇದ್ದೂ ಬಿಡುವವನು ಸವಾರನೇ ಅಲ್ಲ ಎಂದು ಅವನ ಮಾತು. ಅದರಲ್ಲೂ ಹುರುಳಿದೆ.

ದಿಬ್ಬ ಸೇರಿಸಿದ್ದು ಸರಿಯೇ? ನನ್ನ ಮನಸ್ಸು ಎರಡಾಗಿದೆ. ನೋಡುವವನಾಗಿ ನಾನು ಆ ಮೂರು ಏರುಗಳಿಗೆ ಕಾದು ಕುಳಿತಿದ್ದೇನೆ, ಸುಳ್ಳು ಹೇಳುವುದಿಲ್ಲ. ಆದರೆ ಎರಡು ಬೆಟ್ಟಸಾಲುಗಳನ್ನು ಗಡಿಯಾರದ ಭಯದಲ್ಲಿ ದಾಟಿ ಬಂದ ಸ್ಪ್ರಿಂಟರ್‌ಗಳಿಗೆ ಮಾತು ಕೊಟ್ಟಂತಿದ್ದ ಒಂದು ದಿನವನ್ನು ಕಿತ್ತುಕೊಂಡಂತೆಯೂ ಆಯಿತು. ಜೊತೆಗೆ ಮಳೆಯ ಭಯ. ಒದ್ದೆ ಕಲ್ಲುಹಾಸಿನ ಮೇಲೆ ಕಿರಿದಾದ ಟೈರ್ ನಿಲ್ಲುವುದಿಲ್ಲ. ಮಳೆ ಬಂದರೆ ಒಟ್ಟು ಸಮಯದ ಲೆಕ್ಕವನ್ನು ಗುರಿಗೆ ಬಹಳ ಮುಂಚೆಯೇ ನಿಲ್ಲಿಸುವ ಅಧಿಕಾರ ಅಲ್ಲಿನ ಅಧಿಕಾರಿಗಳಿಗಿದೆ; 2005ರಲ್ಲಿ, 2015ರಲ್ಲಿ ಹಾಗೆ ಮಾಡಿದ್ದಾರೆ. ಹಾಗಾದಾಗ ಹಳದಿ ಜೆರ್ಸಿಯವನು ನಡೆದುಕೊಂಡು ಬಂದರೂ ಟೂರ್ ಅವನದೇ, ಹಂತ ಮಾತ್ರ ಮೊದಲು ಗೆರೆ ದಾಟಿದವನದು. ಪರದೆಯ ಮೇಲೆ ಆ ಘೋಷಣೆ ಬಂದರೆ ರೇಸ್ ಸಪ್ಪೆಯಾಯಿತೆಂದು ಎದ್ದು ಹೋಗಬೇಡಿ. ಬಿದ್ದರೆ ಕಳೆದುಕೊಳ್ಳುವುದೇನೂ ಇಲ್ಲದವರು ಆಗಲೇ ಧೈರ್ಯ ಮಾಡುತ್ತಾರೆ.

2005 ಎಂದ ಮೇಲೆ ಒಂದು ಮಾತು ಬಿಡುವಂತಿಲ್ಲ. ಆ ವರ್ಷ ಶಾಂಪೇನ್ ಗ್ಲಾಸ್ ಎತ್ತಿದವನು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್. ಉದ್ದೀಪನ ಮದ್ದಿನ ಕಾರಣ 1999ರಿಂದ 2005ರವರೆಗಿನ ಅವನ ಏಳೂ ಪ್ರಶಸ್ತಿಗಳನ್ನು ಕಿತ್ತುಕೊಂಡರು, ಬೇರೆ ಯಾರಿಗೂ ಕೊಡಲಿಲ್ಲ. ವಿಜೇತರ ಪಟ್ಟಿಯಲ್ಲಿ ಏಳು ವರ್ಷ ಖಾಲಿ. ‘ಒಂದು ಸೂಜಿ ಅಷ್ಟೇ, ಯಾರಿಗೂ ಗೊತ್ತಾಗುವುದಿಲ್ಲ’ ಎಂದು ಯಾರಾದರೂ ನಿಮ್ಮ ಕಿವಿಯಲ್ಲಿ ಹೇಳಿದರೆ ಆ ಪಟ್ಟಿಯನ್ನು ತೆಗೆದು ನೋಡಿ. ನಾಡಿದ್ದು ಪಂಚಮಿ, ಜೆರ್ಸಿಯ ಹಿಂಜೇಬಿನಲ್ಲಿ ಎರಡು ಶೇಂಗಾ ಉಂಡಿ ಇಟ್ಟುಕೊಳ್ಳಿ, ನೂರು ಕಿಲೋಮೀಟರಿನ ತಾಲೀಮಿಗೆ ಅದಕ್ಕಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ.

ಈಗ ಕೊನೆಯವನ ಮಾತು. ಟೂರ್‌ನ ಒಟ್ಟು ಪಟ್ಟಿಯಲ್ಲಿ ಕಟ್ಟಕಡೆಯ ಸ್ಥಾನದವನಿಗೆ ರೈಲಿನ ಹಿಂದಿನ ಬೋಗಿಯ ಕೆಂಪು ದೀಪದ ಹೆಸರಿಟ್ಟಿದ್ದಾರೆ. ಅವನು ಗೆದ್ದವನಿಗಿಂತ ಗಂಟೆಗಟ್ಟಲೆ ಹಿಂದಿರುತ್ತಾನೆ. ಪ್ಯಾರಿಸ್‌ನಲ್ಲಿ ಅವನು ಗೆರೆ ದಾಟುವವರೆಗೂ ರಸ್ತೆ ಮುಚ್ಚಿರುತ್ತದೆ, ಗಡಿಯಾರ ಓಡುತ್ತಿರುತ್ತದೆ, ಜನ ನಿಂತಿರುತ್ತಾರೆ. ಅವನ ಸಮಯವನ್ನೂ ಬರೆದಿಟ್ಟುಕೊಳ್ಳುತ್ತಾರೆ.

ನಮ್ಮಲ್ಲಿ? ವಿಜಯಪುರ, ಬಾಗಲಕೋಟೆ ಎರಡೂ ಜಿಲ್ಲೆಗಳಲ್ಲಿ ಜಾತ್ರೆಯ ಸೈಕಲ್ ಸ್ಪರ್ಧೆಗಳಿಗೆ ಕೊರತೆಯಿಲ್ಲ. ನಮ್ಮ ಎಷ್ಟೋ ಒಳ್ಳೆಯ ಸವಾರರು ಗೇರ್ ಇಲ್ಲದ ಸಾದಾ ಸೈಕಲ್ ಮೇಲೆ ಅಲ್ಲೇ ಮೊದಲು ಕಣ್ಣಿಗೆ ಬಿದ್ದವರು, ಆಮೇಲೆ ಕ್ರೀಡಾ ವಸತಿ ನಿಲಯ ಸೇರಿದವರು. ಆ ಸಂಘಟಕರ ಮೇಲೆ ನನಗೆ ಗೌರವವಿದೆ. ಆದರೆ ಒಂದು ಊರಿನಲ್ಲಿ, ಯಾವ ಊರೆಂದು ಹೇಳುವುದಿಲ್ಲ, ನಾನು ಕಂಡದ್ದು ಇದು. ಮೊದಲ ಮೂವರು ಬಂದರು. ಗುಲಾಲು ಎರಚಿದರು, ಹಲಗಿ ಬಾರಿಸಿದರು. ನೋಟಿನ ಹಾರ ಹಾಕಿ ಮೂವರನ್ನೂ ಹೆಗಲ ಮೇಲೆ ಹೊತ್ತುಕೊಂಡು ಗುಡಿಯ ಕಡೆ ಹೋದರು. ಅಷ್ಟರಲ್ಲಿ ಇಬ್ಬರು ಏಣಿ ಹಾಕಿ ಗುರಿಯ ಬ್ಯಾನರ್ ಬಿಚ್ಚತೊಡಗಿದರು. ರಸ್ತೆ ತೆರೆಯಿತು, ಕಬ್ಬಿನ ಟ್ರ್ಯಾಕ್ಟರ್ ಒಂದು ನುಗ್ಗಿತು. ಅದರ ಹಿಂದೆ, ಧೂಳಿನಲ್ಲಿ, ಹದಿಮೂರು ಹದಿನಾಲ್ಕರ ಹುಡುಗನೊಬ್ಬ ಸೈಕಲ್ ತುಳಿಯುತ್ತಾ ಬಂದ. ಗೆರೆ ಎಲ್ಲಿದೆ ಎಂದು ಅವನಿಗೆ ತಿಳಿಯಲಿಲ್ಲ. ಸುಣ್ಣದ ಗೆರೆಯ ಮೇಲೆ ಐಸ್‌ಕ್ರೀಮ್ ಗಾಡಿ ನಿಂತಿತ್ತು. ‘ಮುಗೀತೇನ್ರಿ?’ ಎಂದು ಗಾಡಿಯವನನ್ನೇ ಕೇಳಿದ.

ಆ ಹುಡುಗನ ಸಮಯ ಎಷ್ಟು? ಯಾರಿಗೂ ಗೊತ್ತಿಲ್ಲ. ಗೊತ್ತಿದ್ದರೆ ಮುಂದಿನ ವರ್ಷ ಅವನು ಎಷ್ಟು ಸುಧಾರಿಸಿದ ಎಂದು ಹೇಳಬಹುದಿತ್ತು. ತರಬೇತುದಾರರಿಗೆ ಬೇಕಾದದ್ದು ಅದೇ ಅಂಕಿ, ಮೊದಲ ಮೂವರ ಹೆಸರಲ್ಲ. ಆದ್ದರಿಂದ ಈ ಸಭೆಯಲ್ಲಿರುವ ಜಾತ್ರಾ ಸಮಿತಿಯವರಲ್ಲಿ ನನ್ನ ಬೇಡಿಕೆ. ಕರಪತ್ರದಲ್ಲಿ ಬಹುಮಾನದ ಮೊತ್ತದ ಕೆಳಗೆ ಒಂದು ಸಾಲು ಸೇರಿಸಿ: ಮೊದಲನೆಯವನು ಬಂದ ನಂತರ ಇಷ್ಟು ನಿಮಿಷದವರೆಗೆ ಗುರಿ ತೆರೆದಿರುತ್ತದೆ, ಅಷ್ಟರೊಳಗೆ ಬಂದವರೆಲ್ಲರ ಸಮಯ ಫಲಕದ ಮೇಲೆ ಬರೆಯಲಾಗುತ್ತದೆ. ಖರ್ಚೇನಿಲ್ಲ. ಒಬ್ಬ ಶಿಕ್ಷಕರು, ಒಂದು ಮೊಬೈಲ್, ಒಂದು ನೋಟ್‌ಬುಕ್.

ಹುಡುಗಿಯರು ಆಗಲೇ ಮುಖ ಸಿಂಡರಿಸುತ್ತಿದ್ದೀರಿ, ಇವರು ಬರೀ ಗಂಡಸರ ಕಥೆ ಹೇಳುತ್ತಿದ್ದಾರೆ ಎಂದು. ಕಡಿಮೆ ಅಂತರದ ಗೆಲುವಿನ ದಾಖಲೆ ನಿಮ್ಮ ಕಡೆಗೇ ಇದೆ. ಕಳೆದ ವರ್ಷದ ಆಗಸ್ಟ್‌ನಲ್ಲಿ ಮಹಿಳೆಯರ ಟೂರ್‌ನ ಕೊನೆಯ ಹಂತ ಇಪ್ಪತ್ತೊಂದು ತಿರುವುಗಳ ಆಲ್ಪ್ ದ್ಯುಯೆಜ್ ಬೆಟ್ಟದ ತುದಿಯಲ್ಲಿ ಮುಗಿಯಿತು. ಹಿಂದಿನ ವರ್ಷದ ವಿಜೇತೆ ಡೆಮಿ ವೋಲರಿಂಗ್ ಐದನೆಯ ಹಂತದಲ್ಲಿ ಬಿದ್ದು ಹಳದಿ ಜೆರ್ಸಿ ಕಳೆದುಕೊಂಡಿದ್ದಳು. ಕೊನೆಯ ದಿನ ಗುರಿಗೆ ಬಹಳ ದೂರವಿರುವಾಗಲೇ ದಾಳಿ ಮಾಡಿ, ಬೆಟ್ಟವಿಡೀ ಹಿಂತಿರುಗಿ ನೋಡದೆ ತುಳಿದು ಹಂತ ಗೆದ್ದಳು. ಹಳದಿ ಜೆರ್ಸಿಯ ಕಾಶಾ ನೆವಿಯಾದೊಮಾ ಹಿಂದೆ ಬಿದ್ದಿದ್ದರೂ ಹೋರಾಡುತ್ತಾ ಬಂದು ಗೆರೆ ದಾಟಿ ಟೂರ್ ಉಳಿಸಿಕೊಂಡಳು. ಅಂತರ ನಾಲ್ಕು ಸೆಕೆಂಡ್. ಫಿನ್ಯೋಂ ಸೋತ ಅಂತರದಲ್ಲಿ ಅರ್ಧ.

ಈ ವರ್ಷದ ಮಹಿಳೆಯರ ಟೂರ್ ನಿನ್ನೆಯಷ್ಟೇ ಆರಂಭವಾಗಿದೆ. ಮೊದಲ ಹಂತವನ್ನು ಮೂವತ್ತೆಂಟರ ಹರೆಯದ ಮರಿಯಾನೆ ವೋಸ್ ಗೆದ್ದಿದ್ದಾಳೆ. ಅದರ ಕೊನೆಯ ಹಂತ ಬರುವ ರವಿವಾರ, ಆಗಸ್ಟ್ 3ರಂದು, ಆಲ್ಪ್ಸ್ ಬೆಟ್ಟಗಳಲ್ಲಿ. ಅಲ್ಲಿ ಮೆರವಣಿಗೆ ಇಲ್ಲ, ಶಾಂಪೇನ್ ಇಲ್ಲ. ಕೊನೆಯ ದಿನವೇ ಜೂ ಪ್ಲಾನ್ ಎಂಬ ಕಡಿದಾದ ಬೆಟ್ಟ ಹತ್ತಬೇಕು. ಇಂದು ರಾತ್ರಿ ನಿದ್ದೆಗೆಡಲು ವಾರ್ಡನ್ ಒಪ್ಪದಿದ್ದರೆ ಅದನ್ನಾದರೂ ನೋಡಿ. ಅವರ ಹತ್ತಿರ ನಾನೇ ಮಾತಾಡುತ್ತೇನೆ, ಆದರೆ ನಾಳೆ ಐದು ಗಂಟೆಯ ತಾಲೀಮು ತಪ್ಪಿಸುವುದಿಲ್ಲ ಎಂದು ನೀವು ಬರೆದು ಕೊಡಬೇಕು.

ಗೇರ್, ಹ್ಯಾಂಡಲ್ ಎತ್ತರ, ಸೀಟಿನ ಹುಣ್ಣು ಮುಂತಾದ ಪ್ರಶ್ನೆಗಳನ್ನು ಚಹಾ ಕುಡಿಯುವಾಗ ಕೇಳಿ. ಜಾತ್ರಾ ಸಮಿತಿಯವರು ಮಾತ್ರ ಈಗಲೇ ಎದ್ದು ಉತ್ತರ ಕೊಡಬೇಕು: ಆ ಸಾಲನ್ನು ಕರಪತ್ರದಲ್ಲಿ ಹಾಕುತ್ತೀರೋ ಇಲ್ಲವೋ?